ತುಂಡಾಗಿದ್ದು ಚೈನು, ಹೋಗಿದ್ದು ಗೇಟು

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ, ಅಂದರೆ ತುಂಗಭದ್ರಾ ಅಣೆಕಟ್ಟಿನ, 19ನೇ ಕ್ರಸ್ಟ್ ಗೇಟಿನ (ಡ್ಯಾಮಿನ ಮೇಲ್ಭಾಗದಿಂದ ನೀರು ಹೊರಬಿಡುವ ಗೇಟು) ಚೈನು ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಮರುದಿನ ಬೆಳಗ್ಗೆ ಗಂಗಾವತಿ, ಕಾರಟಗಿ ಕಡೆಯ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇಲ್ಲ. ಡ್ಯಾಮು ತುಂಬಿದೆ ಅಂತ ಭತ್ತ ನಾಟಿ ಮಾಡಿದವರಿಗೆ, ತುಂಬಿದ್ದನ್ನೇ ಖಾಲಿ ಮಾಡಬೇಕಂತೆ ಅನ್ನೋ ಸುದ್ದಿ. ಅಷ್ಟು ದೊಡ್ಡ ಡ್ಯಾಮು, ಒಂದು ಚೈನಿಗೆ ಹೀಗಾಗುತ್ತಾ?

ಆಗುತ್ತೆ. ಬಾವಿಯ ರಾಟೆ ನೆನಪಿಸಿಕೊಳ್ಳಿ. ಹಗ್ಗದ ಒಂದು ತುದಿಗೆ ಕೊಡ. ಇನ್ನೊಂದು ತುದಿಗೆ ಹೆಚ್ಚುಕಮ್ಮಿ ಅಷ್ಟೇ ತೂಕದ ಕಲ್ಲು ಕಟ್ಟಿದರೆ ಕೊಡ ಸುಲಭವಾಗಿ ಮೇಲೆ ಬರುತ್ತೆ. ಇಲ್ಲಿನ ಗೇಟುಗಳದ್ದೂ ಇದೇ ಲೆಕ್ಕ. ಒಂದು ಕಡೆ ಕಬ್ಬಿಣದ ಗೇಟು, ಇನ್ನೊಂದು ಕಡೆ ಸಮತೂಕದ ಭಾರ, ನಡುವೆ ಚೈನು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಇಂಥವು 33. ಡ್ಯಾಮು ತುಂಬಿ ನೀರಿನ ಮಟ್ಟ ಸಮುದ್ರಮಟ್ಟದಿಂದ 1,633 ಅಡಿಗೆ ಬಂದಾಗ ಒಂದು ಗೇಟನ್ನು ನೀರು ಸುಮಾರು 340 ಟನ್ ಬಲದಲ್ಲಿ ತಳ್ಳುತ್ತಿರುತ್ತೆ. ಹತ್ತು ಟನ್ನಿನಂತೆ 34 ಲಾರಿ ಭತ್ತದ ಭಾರ! ಅಂದು ಆ ಒಂದು ಗೇಟು ಹೋದ ಜಾಗದ ಮೇಲಿನ ಒತ್ತಡ ಇಳಿಸಲು ಉಳಿದವನ್ನೂ ಎತ್ತಬೇಕಾಯಿತು.

ಕಥೆ ಶುರುವಾಗಿದ್ದು 1945ರಲ್ಲಿ. ಆಗ ನದಿಯ ಬಲಕ್ಕೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಎಡಕ್ಕೆ, ಮುನಿರಾಬಾದ್ ಕಡೆ, ಹೈದರಾಬಾದ್ ನಿಜಾಮರ ರಾಯಚೂರು ಜಿಲ್ಲೆ. ಕೊಪ್ಪಳ ಅದರೊಳಗೇ ಇತ್ತು. ಎರಡು ಸರ್ಕಾರ ಸೇರಿ ಕಟ್ಟಿದ ಡ್ಯಾಮು ಇದು. ಕಲ್ಲಿಗೆ ಸುಣ್ಣ-ಸುರ್ಕಿ (ಇಟ್ಟಿಗೆ ಪುಡಿ) ಗಾರೆ. 1953ರಲ್ಲಿ ನೀರು ನಿಂತಿತು. ಕಟ್ಟಿದಾಗ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಹೂಳಿನ ಬಗ್ಗೆ ನಾವು ಎಷ್ಟು ವರ್ಷದಿಂದ ಜಗಳ ಆಡುತ್ತಿದ್ದೇವೆ ಅಲ್ವಾ? ಗೇಟಿನ ಬಗ್ಗೆ ಮಾತಾಡಿದವರು ಕಡಿಮೆ. ಕಲ್ಲಿನ ಗೋಡೆ ಶತಮಾನ ನಿಲ್ಲಬಹುದು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಈ ಗೇಟುಗಳಿಗೆ ಆಗಲೇ 70 ವರ್ಷ ದಾಟಿತ್ತು.

ಇನ್ನೊಂದು ತೊಡಕು ಕಟ್ಟುವಾಗಲೇ ಉಳಿದುಹೋಗಿತ್ತು. ಬೇರೆ ಎಷ್ಟೋ ಡ್ಯಾಮುಗಳಲ್ಲಿ ಗೇಟಿನ ಮುಂದೆ ಸ್ಟಾಪ್ ಲಾಗ್ ಇಳಿಸಲು ಗ್ರೂವ್ ಇರುತ್ತೆ. ಅಂದರೆ ಗೋಡೆಯಲ್ಲಿ ಕೊರೆದ ಸಂದು. ಅದರೊಳಗೆ ದಪ್ಪ ಕಬ್ಬಿಣದ ಹಲಗೆ ಇಳಿಸಿ ನೀರು ತಡೆದು, ಹಿಂದೆ ನಿಂತು ಆರಾಮಾಗಿ ರಿಪೇರಿ ಮಾಡಬಹುದು. ಇಲ್ಲಿ ಆ ವ್ಯವಸ್ಥೆಯೇ ಇರಲಿಲ್ಲ. ಗೇಟಿನ ಬುಡ ಇರುವುದು 1,613 ಅಡಿಯಲ್ಲಿ. ನೀರು ಅಷ್ಟು ಕೆಳಗಿಳಿಯುವವರೆಗೂ ಕಾಯಬೇಕು.

ಕಾದರೆ ಬೆಳೆ ಹೋಗುತ್ತೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸೋಣ ಎಂದರು. ನಾಲ್ಕು ಅಡಿ ಎತ್ತರದ ಐದು ತುಂಡುಗಳನ್ನು ತುರ್ತಾಗಿ ಮಾಡಿಸಿದರು. ಕ್ರೇನಿನಿಂದ ಇಳಿಸುವಾಗ ರಭಸ ಅದನ್ನು ಅತ್ತಿತ್ತ ಎಳೆದಾಡುತ್ತಿತ್ತು. 16ರಂದು ಮೊದಲ ತುಂಡು ಕೂತಿತು, 17ಕ್ಕೆ ಐದೂ.

ಆದರೆ ಅದು ತೇಪೆ. ಹಾಗಾಗಿ 2025ರ ಮಳೆಗಾಲದಲ್ಲಿ 80 ಟಿಎಂಸಿಗಿಂತ ಜಾಸ್ತಿ ನೀರು ನಿಲ್ಲಿಸಬಾರದೆಂದಾಯಿತು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ನವೆಂಬರಿನಲ್ಲಿ ಬಂತು. ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ನೀರು ಬರುವುದೇ ಕೊನೆಗೆ. ಆ ಸಲ ಮೇಲಿನವರದ್ದೂ ಅದೇ ಪಾಡಾಯಿತು.