ಮಳೆಗಿಂತ ಮೊದಲೇ ಬರುವ ಸಿಡಿಲು

ಏಪ್ರಿಲ್, ಮೇ ತಿಂಗಳಲ್ಲಿ ರೈತರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ಮಾತು: ‘ಇವತ್ತು ಮಳೆ ಬರುತ್ತಾ ಸಾರ್?’ ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ನಾಡಿನಲ್ಲಿ ಆ ಕಾತರ ಸಹಜ. ಆದರೆ ಸಿಡಿಲು ಎಷ್ಟು ಹೊತ್ತಿಗೆ ಅಂತ ಯಾರೂ ಕೇಳುವುದಿಲ್ಲ. ಅದು ಮಳೆಗಾಗಿ ಕಾಯುವುದಿಲ್ಲ.

ಮುಂಗಾರಿನ ಮೋಡ ಕಂಬಳಿ ಹಾಸಿದಂತೆ ಅಗಲಕ್ಕೆ ಹರಡುತ್ತದೆ. ಬೇಸಿಗೆಯ ಗುಡುಗು ಮೋಡ ಎತ್ತರಕ್ಕೆ ಬೆಳೆಯುತ್ತದೆ. ಇದರ ಹೆಸರು ಕ್ಯುಮುಲೋನಿಂಬಸ್, ನಮ್ಮ ಹವಾಮಾನದವರ ಬಾಯಲ್ಲಿ ‘ಸಿಬಿ’. ಮಧ್ಯಾಹ್ನ ಹೂಕೋಸಿನಂತೆ ಉಬ್ಬಿದ ತಲೆ ಸಂಜೆಯೊಳಗೆ 12–15 ಕಿ.ಮೀ. ಮುಟ್ಟಬಹುದು. ತುದಿ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಚಾಚಿಕೊಂಡಿತೆಂದರೆ ಮೋಡ ಬಲಿತಿದೆ.

ನಮ್ಮ ಕಡೆ ಸುಮಾರು 5 ಕಿ.ಮೀ. ಮೇಲೆ ಉಷ್ಣಾಂಶ ಸೊನ್ನೆಗಿಳಿಯುತ್ತದೆ. ಅಲ್ಲಿಂದಾಚೆಗೆ ಹಿಮದ ಹರಳು, ಎಳೆ ಆಲಿಕಲ್ಲು, ಹೆಪ್ಪುಗಟ್ಟದೆ ಉಳಿದ ನೀರಹನಿ ಎಲ್ಲವೂ ಒಟ್ಟಿಗೆ ಕುದಿಯುತ್ತವೆ. ಡಿಕ್ಕಿಯಲ್ಲಿ ಹಗುರ ಹರಳು ಧನ ವಿದ್ಯುತ್ ಹೊತ್ತು ಮೇಲೇರುತ್ತದೆ, ಭಾರದ್ದು ಋಣ ವಿದ್ಯುತ್ತಿನೊಂದಿಗೆ ಕೆಳಗುಳಿಯುತ್ತದೆ. ಸಿಡಿಲು ಹುಟ್ಟುವುದು ಇಲ್ಲಿ. ಒಮ್ಮೆ ದ್ರಾಕ್ಷಿ ಬೆಳೆಗಾರರೊಬ್ಬರು ತೋಟ ಹಾಳುಮಾಡಿದ ಆಲಿಕಲ್ಲೊಂದನ್ನು ಫ್ರಿಜ್‌ನಲ್ಲಿಟ್ಟು ತೋರಿಸಿದರು. ಕೊಯ್ದರೆ ಈರುಳ್ಳಿಯಂತೆ ಪದರ: ಒಂದು ಹಾಲಿನಂತೆ ಬಿಳಿ, ಒಂದು ಗಾಜಿನಂತೆ ತಿಳಿ. ಮೋಡದೊಳಗೆ ಬೇರೆ ಬೇರೆ ಚಳಿ, ಬೇರೆ ಬೇರೆ ತೇವ ದಾಟಿಬಂದ ಗುರುತು ಅದು.

ಮಳೆಗೆ ಮುಂಚೆ ಮಣ್ಣಿನ ವಾಸನೆ ಹೊತ್ತು ತಣ್ಣನೆ ಗಾಳಿ ನುಗ್ಗುತ್ತದಲ್ಲ, ಅದು ಮೋಡದಿಂದ ಕೆಳಗೆ ಬಿದ್ದು ನೆಲದ ಮೇಲೆ ಹರಡಿದ ಗಾಳಿ. ಬಾಳೆ, ಅಡಿಕೆ ಮುರಿಯುವುದೂ ಇದೇ. ‘ಅಬ್ಬಾ, ತಂಪಾಯಿತು’ ಎಂದು ಜನ ಅಂಗಳಕ್ಕೆ ಬರುತ್ತಾರೆ, ಒಣಹಾಕಿದ ಕಾಳು ಬಾಚಲು ಓಡುತ್ತಾರೆ, ದನ ಬಿಚ್ಚಲು ಹೊಲಕ್ಕೆ ಹೋಗುತ್ತಾರೆ. ನನ್ನ ಕಿವಿಗೆ ಬಿದ್ದ ಸಾವುಗಳಲ್ಲಿ ಹಲವು ಆ ಹತ್ತು ನಿಮಿಷದವು. ತಲೆಯ ಮೇಲೆ ಮಳೆಯಿಲ್ಲದಿದ್ದರೂ 10 ಕಿ.ಮೀ. ದೂರದ ಮೋಡ ಹೊಡೆಯಬಲ್ಲದು. ಗುಡುಗು ಕೇಳಿಸಿತೆಂದರೆ ನೀವು ಅದರ ಅಳತೆಯೊಳಗೇ ಇದ್ದೀರಿ.

ಒಂಟಿ ಮರದಡಿ ನಿಲ್ಲಲೇಬೇಡಿ. ಮರಕ್ಕೆ ಹೊಡೆದ ಸಿಡಿಲು ಬುಡದಿಂದ ನೆಲದಲ್ಲಿ ಹರಡುತ್ತದೆ. ದನದ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಜಾಸ್ತಿ. ಒಂದು ಕಾಲಲ್ಲಿ ಹತ್ತಿದ ವಿದ್ಯುತ್ ಎದೆ ಹಾದು ಇನ್ನೊಂದರಲ್ಲಿ ಇಳಿಯುತ್ತದೆ. ಮರದಡಿ ಕಟ್ಟಿದ ನಾಲ್ಕೈದು ದನ ಒಟ್ಟಿಗೆ ಸಾಯುವುದು ಹೀಗೆ. ಗಟ್ಟಿ ಸೂರಿನ ಮನೆ, ಇಲ್ಲವಾದರೆ ಗಾಜು ಏರಿಸಿದ ಕಾರು ಸೇರಿಕೊಳ್ಳಿ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ.

ಸಿಡಿಲು ಬಡಿದವರನ್ನು ಮುಟ್ಟಲು ಹೆದರುವವರನ್ನು, ತಿಪ್ಪೆಯಲ್ಲಿ ಹೂಳಿದರೆ ಬದುಕುತ್ತಾರೆಂದು ಹೊತ್ತು ಕಳೆಯುವವರನ್ನು ಕಂಡು ಸಂಕಟಪಟ್ಟಿದ್ದೇನೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ವೇಗವಾಗಿ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.