ಎಣ್ಣೆಯ ಕೆರೆ, ಜೋಳದ ಹೊಂಡ, ನಡುವೆ ಒಂದು ತೂಬು

ಪೆಟ್ರೋಲಿಗೆ ಬೆರೆಸುವ ಮದ್ಯಸಾರವಾದ ಎಥನಾಲನ್ನು ನೂರು ಲೀಟರ್ ತೆಗೆಯಲು ಸುಮಾರು 250 ಕಿಲೋ ಮೆಕ್ಕೆಜೋಳ (ಮುಂದೆ ಬರೀ ಜೋಳ ಎನ್ನುತ್ತೇನೆ) ಬೇಕು. ಕ್ಯಾಲರಿ ಲೆಕ್ಕದಲ್ಲಿ ಅದು ಒಬ್ಬ ಮನುಷ್ಯನ ಒಂದು ವರ್ಷದ ಊಟ. ಜೈವಿಕ ಇಂಧನದ ವಿರೋಧಿಗಳು ಇದನ್ನು ಹೇಳಿ, ಅಷ್ಟೂ ಊಟ ಎಂಜಿನ್ನಿನಲ್ಲಿ ಸುಟ್ಟುಹೋಯಿತೆಂದು ಬೆಚ್ಚಿಬೀಳಿಸುತ್ತಾರೆ. ಲೆಕ್ಕವೇನೋ ಸರಿ, ತೀರ್ಮಾನ ಅರ್ಧ ಸುಳ್ಳು. ಎದುರು ಪಾಳಯದವರದೂ ಅಷ್ಟೇ: "ನಾವು ತೆಗೆಯುವುದು ಪಿಷ್ಟ ಮಾತ್ರ, ಉಳಿದ ಸತ್ವವೆಲ್ಲ ದನಗಳಿಗೆ ವಾಪಸು, ಯಾರಿಗೂ ನಷ್ಟವಿಲ್ಲ."

ವಾಪಸು ಬರುವುದೇನು, ನೋಡೋಣ. ಜೋಳವನ್ನು ಹಿಟ್ಟು ಮಾಡಿ, ನೀರು ಮತ್ತು ಆಲ್ಫಾ ಅಮೈಲೇಸ್ ಕಿಣ್ವ ಸೇರಿಸಿ 85 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಗಂಜಿ ತೆಳ್ಳಗಾಗುತ್ತದೆ. 32 ಡಿಗ್ರಿಗೆ ತಣಿಸಿ, ಪಿಷ್ಟವನ್ನು ಸಕ್ಕರೆಯಾಗಿಸುವ ಗ್ಲೂಕೋಅಮೈಲೇಸ್ ಕಿಣ್ವ, ಯೀಸ್ಟ್ ಹಾಕಿ ಎರಡು, ಎರಡೂವರೆ ದಿನ ಬಿಡುತ್ತಾರೆ. ಬಿಸಿ 36 ದಾಟಿದರೆ ಯೀಸ್ಟ್ ಸೊರಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಸಕ್ಕರೆ ಮದ್ಯಸಾರವಾಗುವ ಬದಲು ಹುಳಿಯಾಗುತ್ತದೆ. ಎಲ್ಲ ಸರಿಹೋದರೆ ಒಂದು ಟನ್ನಿಗೆ 400 ಲೀಟರಿಗಿಂತ ತುಸು ಹೆಚ್ಚು ಎಥನಾಲ್, 300 ಕಿಲೋ ಒಣ ಚರಟ, ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್.

ಪಿಷ್ಟ ಹೋದದ್ದರಿಂದ ಚರಟದಲ್ಲಿ ಪ್ರೋಟೀನ್ ಮೂರು ಪಟ್ಟು ದಟ್ಟವಾಗುತ್ತದೆ, ಶೇ. 8-9 ಇದ್ದದ್ದು 27ರ ಮೇಲೆ. ದನಕ್ಕೆ ಒಳ್ಳೆಯ ಮೇವು. ಆದರೆ ಜೋಳಕ್ಕೆ ಬೂಸ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ವಿಷವೂ ಮೂರು ಪಟ್ಟಾಗುತ್ತದೆ. ಹಸಿ ಚರಟದಲ್ಲಿ ಮೂರನೇ ಎರಡು ಪಾಲು ನೀರೇ. ಬೇಸಗೆಯಲ್ಲಿ ನಾಲ್ಕೈದು ದಿನಕ್ಕೆ ಕೆಡುತ್ತದೆ, ಕಾರ್ಖಾನೆಯ ಸುತ್ತಲೇ ದನವಿರಬೇಕು. ಒಣಗಿಸಲು ಇಂಧನ ಸುರಿಯಬೇಕು. ಬಿಸಿ ಜಾಸ್ತಿಯಾದರೆ ಬಣ್ಣ ಕಪ್ಪಿಟ್ಟು, ಲೈಸಿನ್ ಎಂಬ ಅಮೈನೋ ಆಮ್ಲ ಕೆಟ್ಟುಹೋಗುತ್ತದೆ. ನಾರು ಹೆಚ್ಚಿರುವುದರಿಂದ ಹಂದಿ, ಕೋಳಿಗೆ ಹೆಚ್ಚು ಹಾಕುವಂತಿಲ್ಲ. ಹೀಗೆ ಮೂರನೇ ಒಂದು ಪಾಲು ವಾಪಸು ಬರುವುದು ನಿಜ, ಷರತ್ತುಗಳೊಂದಿಗೆ.

ಇಷ್ಟಾದರೂ ಅಸಲು ಸಂಗತಿ ಕಾರ್ಖಾನೆಯೊಳಗಿಲ್ಲ, ಮಾರುಕಟ್ಟೆಯಲ್ಲಿದೆ. ಕಚ್ಚಾ ತೈಲದ್ದು ದೊಡ್ಡ ಕೆರೆ, ಜೋಳದ್ದು ಪಕ್ಕದ ಹೊಂಡ ಎಂದುಕೊಳ್ಳಿ. ಎಥನಾಲ್ ಇವೆರಡರ ನಡುವೆ ತೋಡಿದ ತೂಬು. ಎಥನಾಲ್ ಬೆಲೆ ಲೀಟರಿಗೆ ಒಂದೇ ಒಂದು ಸೆಂಟ್ ಏರಿದರೆ ಕಾರ್ಖಾನೆ ಜೋಳಕ್ಕೆ ಟನ್ನಿಗೆ ನಾಲ್ಕು ಡಾಲರ್ ಹೆಚ್ಚು ಕೊಡಬಲ್ಲದು. ಒಂದು ಟನ್ನಿನಲ್ಲಿ ಅಂಥ ನಾನೂರು ಲೀಟರ್ ಇದೆಯಲ್ಲ. ಕೆರೆಯ ಮಟ್ಟ ಏರಿದರೆ ಹೊಂಡದ್ದೂ ಏರುತ್ತದೆ. ಆದರೆ ತೂಬಿನ ಬಾಯಿ ಕಿರಿದು: ಪೆಟ್ರೋಲಿಗೆ ಶೇ. 10 ಬೆರೆಸುವ ಮಿತಿ ಇದ್ದರೆ, ಅದು ತುಂಬಿದ ಮೇಲೆ ತೈಲ ಎಷ್ಟೇ ಏರಿದರೂ ಹೆಚ್ಚು ಜೋಳ ಎಳೆಯುವುದಿಲ್ಲ. ಇನ್ನೊಂದು ಕಡೆ, ಇಷ್ಟು ಬೆರೆಸಲೇಬೇಕೆಂಬ ಕಾನೂನಿದ್ದರೆ ತೈಲ ಅಗ್ಗವಾದಾಗಲೂ ತೂಬು ಮುಚ್ಚಲು ಬರುವುದಿಲ್ಲ.

ಕೆಡುಕಿರುವುದು ಈ ಬಗ್ಗದ ಬೇಡಿಕೆಯಲ್ಲಿ. ನೂರು ಮೂಟೆ ಬೆಳೆಯಲ್ಲಿ ನಲವತ್ತು ಮೂಟೆ ಒಬ್ಬನಿಗೆ ಕಾದಿರಿಸಿದ್ದು ಅನ್ನಿ. ಬರ ಬಂದು ಹತ್ತು ಮೂಟೆ ಕಡಿಮೆಯಾದರೆ ಉಳಿದವರ ಅರವತ್ತು ಐವತ್ತಾಗುತ್ತದೆ: ಹೊಲದಲ್ಲಿ ಶೇ. 10ರ ಪೆಟ್ಟು, ಪಂಕ್ತಿಯ ಕೊನೆಯವರಿಗೆ ಶೇ. 17. 2012ರಲ್ಲಿ ಅಮೆರಿಕದಲ್ಲಿ ಕಂಡದ್ದು ಇದೇ. ಬರಕ್ಕೆ ಜೋಳದ ಬೆಳೆ ಹಿಂದಿನ ವರ್ಷಕ್ಕಿಂತ ಶೇ. 13ರಷ್ಟು ಕುಸಿಯಿತು, ಬೆಲೆ ಬುಷೆಲಿಗೆ (25.4 ಕಿಲೋ) ಎಂಟು ಡಾಲರ್ ದಾಟಿತು. ಎಥನಾಲಿಗೆ ಹೋದ ಜೋಳ ಇಳಿದದ್ದು ಶೇ. 7ರ ಆಸುಪಾಸು, ರಫ್ತು ಮಾತ್ರ ಅರ್ಧಕ್ಕಿಂತ ಕೆಳಗೆ ಬಿತ್ತು. ಬೆರಕೆ ನಿಯಮ ತಾತ್ಕಾಲಿಕವಾಗಿ ಸಡಿಲಿಸಿ ಎಂದು ಕೆಲವು ರಾಜ್ಯಗಳ ಗವರ್ನರುಗಳು ಕೇಳಿದರು. ಪರಿಸರ ಸಂರಕ್ಷಣಾ ಸಂಸ್ಥೆ ನವೆಂಬರಿನಲ್ಲಿ ಒಲ್ಲೆ ಎಂದಿತು.

ಬ್ರೆಜಿಲ್‌ನ ಕಥೆ ತಿರುಗುಮುರುಗು. ಅಲ್ಲಿ 1975ರಲ್ಲಿ ಕಬ್ಬಿನ ಎಥನಾಲ್ ಯೋಜನೆ ಶುರುವಾಯಿತು. ಅದೇ ಕಬ್ಬಿನ ಹಾಲು ಸಕ್ಕರೆಯೂ ಆಗಬಹುದು, ಎಥನಾಲೂ ಆಗಬಹುದು. 1989ರ ಹೊತ್ತಿಗೆ ತೈಲ ಅಗ್ಗ, ಸಕ್ಕರೆ ತುಟ್ಟಿ. ಗಿರಣಿಗಳು ಸಕ್ಕರೆಯತ್ತ ವಾಲಿದವು, ಎಥನಾಲ್ ಮಾತ್ರ ಕುಡಿಯುವ ಕಾರುಗಳು ಬಂಕುಗಳ ಮುಂದೆ ಸಾಲುಗಟ್ಟಿದವು. 2003ರಿಂದ ಪೆಟ್ರೋಲ್, ಎಥನಾಲ್ ಎರಡನ್ನೂ ಕುಡಿಯುವ ಎಂಜಿನ್ ಬಂದ ಮೇಲೆ ಬೇಡಿಕೆಗೂ ಬಗ್ಗುವ ಗುಣ ಬಂತು. ನನ್ನ ಮಟ್ಟಿಗೆ, ಇಡೀ ಚರ್ಚೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಯಂತ್ರಭಾಗ ಇನ್ನೊಂದಿಲ್ಲ.

ಬೆಲೆಯ ಸುದ್ದಿ ಹೊಲಕ್ಕೆ ಒಂದೇ ಹಂಗಾಮಿನಲ್ಲಿ ತಲುಪುತ್ತದೆ. 2006ರಲ್ಲಿ ಅಮೆರಿಕದ ರೈತರು 7.8 ಕೋಟಿ ಎಕರೆಗೆ ಜೋಳ ಬಿತ್ತಿದ್ದರು, 2007ರಲ್ಲಿ 9.3 ಕೋಟಿಗೂ ಹೆಚ್ಚು. ಸೋಯಾ ಒಂದು ಕೋಟಿ ಎಕರೆಗೂ ಹೆಚ್ಚು ಕಳೆದುಕೊಂಡಿತು. ಜೋಳದ ಸಂಬಂಧವೇ ಇಲ್ಲದ ಸೋಯಾ ಎಣ್ಣೆಗೂ ಎಥನಾಲಿನ ಬಿಸಿ ತಟ್ಟುವುದು ಈ ದಾರಿಯಲ್ಲಿ.

ಸೋಯಾ ಬಿಟ್ಟು ಜೋಳದ ಮೇಲೆ ಜೋಳ ಬಿತ್ತಿದರೆ ಎಕರೆಗೆ 20 ಕಿಲೋದಷ್ಟು ಹೆಚ್ಚುವರಿ ಸಾರಜನಕ ಸುರಿಯಬೇಕಾಗುತ್ತದೆ, ಇಳುವರಿಯೂ ತುಸು ತಗ್ಗುತ್ತದೆ. ಜೊತೆಗೆ ಬೇರುಹುಳ. ಇದರ ದುಂಬಿ ಬೇಸಗೆಯ ಕೊನೆಯಲ್ಲಿ ಜೋಳದ ಹೊಲದ ಮಣ್ಣಿನಲ್ಲೇ ಮೊಟ್ಟೆ ಇಡುತ್ತದೆ. ಮರುವರ್ಷ ಅಲ್ಲಿ ಸೋಯಾ ಇದ್ದರೆ ಮರಿಗಳು ಹಸಿದು ಸಾಯುತ್ತವೆ. ಜೋಳವೇ ಇದ್ದರೆ ಎಳೆಯ ಬೇರು ತಿಂದು ಮುಗಿಸುತ್ತವೆ, ಒಂದು ಜೋರು ಗಾಳಿಗೆ ಇಡೀ ಸಾಲು ಬುಡ ಬಾಗಿಸಿ ಮಲಗುತ್ತದೆ.