ಬಿಷೆಟ್ ಹೊಡೆದ 40ರಲ್ಲಿ ಡೆನ್ವರ್ ಪಾಲೆಷ್ಟು?

1995ರಲ್ಲಿ ಅಮೆರಿಕದ ಬೇಸ್‌ಬಾಲ್ ಟೀಮ್ ಕೊಲರಾಡೊ ರಾಕೀಸ್‌ನ ಡಾಂಟೆ ಬಿಷೆಟ್ 40 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಬಾಲ್ ಫೆನ್ಸ್ ದಾಟಿಸೋ ಹೊಡೆತ) ಹೊಡೆದ. ಅದ್ರಲ್ಲಿ 31 ಡೆನ್ವರ್‌ನಲ್ಲಿರೋ ಅವರ ಸ್ವಂತ ಗ್ರೌಂಡ್ ಕೂರ್ಸ್ ಫೀಲ್ಡ್‌ನಲ್ಲೇ, ಬೇರೆ ಊರೆಲ್ಲ ಸೇರಿ ಬರೀ 9. ನಿಜವಾದ ಆಟಗಾರರನ್ನ ಕಂಪ್ಯೂಟರ್‌ನಲ್ಲಿ ಆಡಿಸೋ ಸಿಮ್ಯುಲೇಶನ್ ಗೇಮ್‌ಗೆ ಇವನ ಪವರ್ ರೇಟಿಂಗ್ ಹಾಕೋವಾಗ 40 ನೋಡಿ ಹಾಕ್ಬೇಕಾ, ಇಲ್ಲ 9ನ್ನ ಡಬಲ್ ಮಾಡಿ 18 ಹೋಮ್ ರನ್‌ನ ಆಟಗಾರ ಅಂತ ಹಾಕ್ಬೇಕಾ? ರೇಟಿಂಗ್ ಮಾಡೋ ಕೆಲಸದಲ್ಲಿರೋ ನನ್ನನ್ನ ಕೇಳಿದ್ರೆ ಎರಡೂ ಬೇಡ.

ಚಿನ್ನಸ್ವಾಮಿಲಿ ಸಿಕ್ಸರ್ ಹಾರೋದು ನೋಡಿದೋರಿಗೆ ಅರ್ಧ ವಿಷಯ ಆಗ್ಲೇ ಗೊತ್ತಿರುತ್ತೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ರೆ ಡೆನ್ವರ್ 1600 ಮೀಟರ್, ಗಾಳಿ ಇನ್ನೂ ತೆಳು, ಬಾಲ್ ಇನ್ನೂ ದೂರ ಹೋಗುತ್ತೆ. ಅದೇ ತೆಳು ಗಾಳಿಲಿ ಪಿಚರ್ (ಬಾಲ್ ಎಸೆಯೋನು) ಹಾಕೋ ಕರ್ವ್ ಬಾಲ್ ಸರಿಯಾಗಿ ತಿರುಗಲ್ಲ, ಹಾಗಾಗಿ ಸ್ಟ್ರೈಕ್‌ಔಟೂ (ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟಾಗೋದು) ಕಮ್ಮಿ. ಹೋಮ್ ರನ್ ತಡೆಯೋಣ ಅಂತ ಫೆನ್ಸ್ ದೂರಕ್ಕೆ ಕಟ್ಟಿದ್ರು, ಅದ್ರಿಂದ ಔಟ್‌ಫೀಲ್ಡ್ ದೊಡ್ಡದಾಗಿ ಫೀಲ್ಡರ್‌ಗಳ ನಡುವೆ ಜಾಗ ಸಿಕ್ತು, ಬ್ಯಾಟರ್ ಒಂದು, ಎರಡು, ಮೂರು ಬೇಸ್ ತಲುಪೋ ಸಿಂಗಲ್ಸ್, ಡಬಲ್ಸ್, ಟ್ರಿಪಲ್ಸ್ ಎಲ್ಲಾ ಏರಿದ್ವು. ಅಂದ್ರೆ ಪವರ್ ಒಂದನ್ನೇ ಇಳಿಸಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಕಾಂಟ್ಯಾಕ್ಟ್ (ಬಾಲಿಗೆ ಬ್ಯಾಟ್ ತಾಗಿಸೋದು), ಗ್ಯಾಪ್ (ಫೀಲ್ಡರ್‌ಗಳ ನಡುವೆ ಹೊಡೆಯೋದು), ಸ್ಟ್ರೈಕ್‌ಔಟ್ ಒಂದೊಂದನ್ನೂ ಬೇರೆ ಬೇರೆ ನೋಡ್ಬೇಕು.

ಪಾರ್ಕ್ ಫ್ಯಾಕ್ಟರ್ ಅಂದ್ರೆ ದೊಡ್ಡ ಗಣಿತ ಏನಲ್ಲ. ಒಂದು ಟೀಮಿನ ಹೋಮ್ ಮ್ಯಾಚ್‌ಗಳಲ್ಲಿ ಎರಡೂ ಕಡೆಯೋರು ಸೇರಿ ಮ್ಯಾಚಿಗೆ ಎಷ್ಟು ರನ್ ಮಾಡಿದ್ರು ಅನ್ನೋದನ್ನ, ಅದೇ ಟೀಮಿನ ಹೊರಗಿನ ಮ್ಯಾಚ್‌ಗಳ ಲೆಕ್ಕದಿಂದ ಭಾಗಿಸೋದು. ಹೋಮ್ ರನ್‌ಗೂ ಹಾಗೇ. ಉದಾಹರಣೆಗೆ ಕೂರ್ಸ್‌ದು 1.4 ಅಂತ ಇಟ್ಕೊಳ್ಳೋಣ, ಇದು ಲೆಕ್ಕ ತೋರ್ಸೋಕೆ ಅಷ್ಟೇ. ಆಟಗಾರ ಅರ್ಧ ಸೀಸನ್ ಮಾತ್ರ ಅಲ್ಲಿ ಆಡೋದ್ರಿಂದ ಅವನ ಒಟ್ಟು ನಂಬರ್ ಮೇಲೆ ಬೀಳೋದು 1.4 ಮತ್ತು 1ರ ಸರಾಸರಿ, 1.2. ಬಿಷೆಟ್‌ನ 40ನ್ನ 1.2ರಿಂದ ಭಾಗಿಸಿದ್ರೆ 33, ಅದು ಗ್ರೌಂಡಿನ ಲಾಭ ಬಿಟ್ಟ ಅವನ ನ್ಯೂಟ್ರಲ್ ಪವರ್. ಗೇಮ್‌ನೊಳಗೆ ಮತ್ತೆ ಡೆನ್ವರ್‌ಗೆ ಕಳಿಸಿದ್ರೆ ಅಲ್ಲಿ 23, ಹೊರಗೆ 17, ಒಟ್ಟು 40ಕ್ಕೇ ಬರ್ತಾನೆ. ಭಾಗಿಸದೆ 40ನ್ನೇ ರೇಟಿಂಗ್‌ಗೆ ಹಾಕಿದ್ರೋ, ಗೇಮ್‌ನ ಎಂಜಿನ್ ಅದ್ರ ಹೋಮ್ ಅರ್ಧದ ಮೇಲೆ ಇನ್ನೊಮ್ಮೆ 1.4 ಹಾಕಿ ಒಟ್ಟು 48ಕ್ಕೆ ಒಯ್ಯುತ್ತೆ. ಒಂದೇ ಗ್ರೌಂಡಿನ ಲಾಭ ಎರಡ್ಸಲ. ಸ್ವಂತವಾಗಿ ರೋಸ್ಟರ್ (ಆಟಗಾರರ ಪಟ್ಟಿ) ಮಾಡ್ಕೊಂಡು ಆಡೋರ ಫೈಲ್‌ಗಳಲ್ಲಿ ನಾನು ತುಂಬಾ ನೋಡೋದು ಇದೇ.

ಆದ್ರೆ ನಿಜವಾದ ಲೆಕ್ಕ 31-9 ಇತ್ತಲ್ಲ, ನಮ್ಮದು 23-17 ಬಂತು? ಬರ್ಲಿ ಬಿಡಿ. ಒಂದು ಸೀಸನ್‌ನ ಹೋಮ್ ಮತ್ತು ಹೊರಗಿನ ಲೆಕ್ಕದಲ್ಲಿ ಅದೃಷ್ಟದ ಪಾಲು ದೊಡ್ಡದು. ಅದೇ ರಾಕೀಸ್‌ನ ಲ್ಯಾರಿ ವಾಕರ್ 1997ರಲ್ಲಿ 49 ಹೊಡೆದು ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ) ಆದ, ಅದ್ರಲ್ಲಿ 29 ಹೊರಗಡೆ! ಹಾಗಂತ ಕೂರ್ಸ್ ಹೋಮ್ ರನ್ ಕಮ್ಮಿ ಮಾಡೋ ಗ್ರೌಂಡ್ ಅನ್ನೋಕಾಗುತ್ತಾ? ಅದಕ್ಕೇ ಫ್ಯಾಕ್ಟರ್‌ನ ಕೆಲವು ವರ್ಷದ ಸರಾಸರಿಲಿ ತಗೋಬೇಕು, ಆದ್ರೆ ಕಣ್ಣು ಮುಚ್ಕೊಂಡು ಅಲ್ಲ. 2002ರಲ್ಲಿ ಕೂರ್ಸ್‌ನೋರು ಬಾಲ್ ಒಣಗದ ಹಾಗೆ ತೇವಾಂಶ ಕಾಪಾಡೋ ಹ್ಯೂಮಿಡಾರ್‌ನಲ್ಲಿಡೋಕೆ ಶುರು ಮಾಡಿದ್ರು, ಹೋಮ್ ರನ್ ಇಳೀತು, ಅಲ್ಲಿಗೆ 2001 ಮತ್ತು 2003ನ್ನ ಒಂದೇ ಸರಾಸರಿಗೆ ಸೇರಿಸಿದ್ರೆ ಎರಡೂ ವರ್ಷದ ರೇಟಿಂಗ್ ಕೆಡುತ್ತೆ.

ನಂಗೆ ಇಷ್ಟವಾದ ಜಗಳ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ದು. ಎಡಗಡೆ ಗ್ರೀನ್ ಮಾನ್ಸ್ಟರ್ ಗೋಡೆ, 37 ಅಡಿ ಎತ್ತರ, ಫೌಲ್ ಲೈನ್ ಹತ್ರ ಬರೀ 310 ಅಡಿ ದೂರ. ಗೋಡೆಗೆ ಬಡಿದು ಬರೋ ಡಬಲ್ಸ್ ರಾಶಿ. ಬಲಗಡೆ ಕಥೆನೇ ಬೇರೆ, ಪಿಚರ್‌ಗಳು ವಾರ್ಮ್‌ಅಪ್ ಮಾಡೋ ಬುಲ್‌ಪೆನ್ ತನಕ ಸುಮಾರು 380 ಅಡಿ, ಎಳೆದು ಹೊಡೆಯೋ ಎಡಗೈ ಬ್ಯಾಟರ್‌ಗಳಿಗೆ ಅಲ್ಲಿ ಹೋಮ್ ರನ್ ಕಷ್ಟ. ಅದಕ್ಕೇ ಔಟ್ ಆಫ್ ದಿ ಪಾರ್ಕ್ ಥರದ ಗೇಮ್‌ಗಳಲ್ಲಿ ಎಡಗೈ ಬಲಗೈಗೆ ಬೇರೆ ಬೇರೆ ಫ್ಯಾಕ್ಟರ್ ಇರೋದು. ಅಷ್ಟಿದ್ರೂ ಬಾಸ್ಟನ್‌ಗೆ ಆಡಿದ ವೇಡ್ ಬಾಗ್ಸ್ ಈ ಲೆಕ್ಕಕ್ಕೆ ಸಿಗಲ್ಲ. ಎಡಗೈ ಬ್ಯಾಟರ್, ಆದ್ರೆ ಬಾಲನ್ನ ಎದುರು ದಿಕ್ಕಿಗೆ, ಆ ಗೋಡೆ ಕಡೆಗೇ ಹೊಡೀತಿದ್ದ. ಕರಿಯರ್ ಬ್ಯಾಟಿಂಗ್ ಆವರೇಜ್ (ಹಿಟ್ ಆದ ಪಾಲು) .328, ಫೆನ್‌ವೇಲಿ .369. ಎಲ್ಲಾ ಲೆಫ್ಟಿಗಳ ಸರಾಸರಿ ಫ್ಯಾಕ್ಟರ್ ಹಾಕಿ ಭಾಗಿಸಿದ್ರೆ ಅವನ ಲಾಭದ ಸ್ವಲ್ಪ ಪಾಲು ಮಾತ್ರ ಕಳೆಯುತ್ತೆ, ಉಳಿದಿದ್ದು ರೇಟಿಂಗ್‌ನಲ್ಲೇ ಉಳಿಯುತ್ತೆ, ಆಮೇಲೆ ಯಾರಾದ್ರೂ ಅವನನ್ನ ಬೇರೆ ಟೀಮಿಗೆ ಟ್ರೇಡ್ ಮಾಡ್ಕೊಂಡ್ರೆ ಗೋಡೆಯ ಒಂದು ತುಂಡನ್ನೂ ಜೊತೆಗೆ ಹೊತ್ಕೊಂಡು ಹೋಗ್ತಾನೆ. ನಾನಂತೂ ಅದನ್ನ ಹಾಗೇ ಬಿಡ್ತೀನಿ, ಗ್ರೌಂಡಿಗೆ ತಕ್ಕ ಹಾಗೆ ಹೊಡೆಯೋದೂ ಒಂದು ಸ್ಕಿಲ್ಲೇ ಅಲ್ವಾ. ಒಪ್ಪದೇ ಇರೋ ಸಹೋದ್ಯೋಗಿಗಳಿದ್ದಾರೆ, ಅವರ ವಾದದಲ್ಲೂ ಹುರುಳಿದೆ.

ಪಿಚರ್‌ಗಳಿಗೆ ಇದೇ ಲೆಕ್ಕ ಉಲ್ಟಾ. ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಪಿಚರ್ ಸ್ಯಾಂಡಿ ಕೌಫ್ಯಾಕ್ಸ್ 1964ರಲ್ಲಿ ಹೋಮ್ ಗ್ರೌಂಡ್ ಡಾಡ್ಜರ್ ಸ್ಟೇಡಿಯಂನಲ್ಲಿ ಕೊಟ್ಟ ಈಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡೋ ರನ್ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೇದು) 0.85, ಹೊರಗೆ 2.93. ರೇಟಿಂಗ್ ಸ್ವಲ್ಪ ಇಳಿಸಿದ್ರೆ ಅಭಿಮಾನಿಗಳು ಸುಮ್ನೆ ಬಿಡಲ್ಲ, ಆದ್ರೆ ಅವನನ್ನ ಗೇಮ್‌ನಲ್ಲಿ ಅದೇ ಗ್ರೌಂಡಲ್ಲಿ ಆಡಿಸಿ ನೋಡಿ, ಇಳಿಸಿದ್ದು ವಾಪಸ್ ಬಂದಿರುತ್ತೆ.

ನಿಮ್ಮ ಫೈಲ್ ಸರಿ ಇದೆಯಾ ಅಂತ ನೋಡೋಕೆ ಎಲ್ಲಾ ಗ್ರೌಂಡ್‌ಗಳ ಫ್ಯಾಕ್ಟರ್‌ನ 1.000ಕ್ಕೆ ಇಟ್ಟು ಒಂದಷ್ಟು ಸೀಸನ್ ಓಡಿಸಿ. ಆಗ್ಲೂ ರಾಕೀಸ್‌ನೋರು ಹಳೇ ನಂಬರನ್ನೇ ಹೊಡೀತಿದ್ರೆ ಡೆನ್ವರ್ ಗಾಳಿ ಇನ್ನೂ ರೇಟಿಂಗ್ ಒಳಗೇ ಇದೆ ಅಂತ ಅರ್ಥ.